ಟೈಲರಮ್ಮನ ಬಾವುಟ

ಗೋಲು ಬಿತ್ತು. ಟೈಲರಮ್ಮನ ಕೈಯಲ್ಲಿದ್ದ ಬಾವುಟ ಮೇಲೇಳಲಿಲ್ಲ.

ಬೆನ್ನ ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರೆಲ್ಲ ಆಫ್‌ಸೈಡ್, ಆಫ್‌ಸೈಡ್ ಎಂದು ಗಂಟಲು ಹರಿದುಕೊಂಡರು. ಅವರೆಲ್ಲ ಅವಳ ಮಗಳ ತಂಡದ ಕಡೆಯವರೇ. ಹನ್ನೆರಡು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ಸೆಮಿಫೈನಲ್, ಉಳಿದಿದ್ದು ನಾಲ್ಕೇ ನಿಮಿಷ. ಬಾವುಟ ಎತ್ತಿದ್ದರೆ ಎದುರಾಳಿಗಳ ಗೋಲು ರದ್ದಾಗುತ್ತಿತ್ತು. ರೆಫರಿ ಅವಳತ್ತ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಆಫ್‌ಸೈಡ್ ನೋಡಲು ಮೈದಾನದ ಅಂಚಿನಲ್ಲಿ ನಿಲ್ಲಬೇಕಿದ್ದ ಯಾರದೋ ಅಪ್ಪ ಕೈಕೊಟ್ಟಿದ್ದರಿಂದ ಈ ಬಾವುಟ ಅವಳ ಪಾಲಿಗೆ ಬಂದಿತ್ತು. ನಿಯಮ ಕಲಿಸಿದವಳು ಮಗಳೇ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುಂಡಿಗಳನ್ನು ಹರಡಿಕೊಂಡು. ಕೋಟಿನ ದೊಡ್ಡ ಗುಂಡಿ ಗೋಲ್‌ಕೀಪರ್, ಬಿಳಿಯವು ನಾವು, ಕರಿಯವು ಅವರು. ಕರಿ ಗುಂಡಿಯ ಕಡೆಗೆ ಚೆಂಡು ಒದ್ದಾಗ ಆ ಕರಿ ಗುಂಡಿ ನಮ್ಮ ಕೊನೆಯ ಬಿಳಿ ಗುಂಡಿಯನ್ನೂ ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್. "ಚೆಂಡು ಸಿಕ್ಕಾಗ ಎಲ್ಲಿದ್ಲು ಅಂತಲ್ಲಮ್ಮ, ಒದ್ದಾಗ ಎಲ್ಲಿದ್ಲು ಅಂತ ನೋಡ್ಬೇಕು," ಎಂದು ಮೂರು ಸಲ ಹೇಳಿದ್ದಳು. ಒಂದೇ ಸಲ ಸಾಕಿತ್ತು. ಬಟ್ಟೆಯ ಅಂಚಿನಿಂದ ಕಣ್ಣು ತೆಗೆಯದೆ, ದಾರ ಕಡಿದದ್ದನ್ನು ಮಿಷನ್ನಿನ ಸದ್ದಿನಲ್ಲೇ ಹಿಡಿಯುವ ಹೆಂಗಸಿಗೆ ಅದೇನು ಮಹಾ ವಿದ್ಯೆ? ಪಂದ್ಯದಲ್ಲಿ ಊರೆಲ್ಲರ ಕಣ್ಣು ಚೆಂಡಿನ ಹಿಂದೆ ಓಡುವಾಗ ಅವಳ ಕಣ್ಣು ಹುಡುಗಿಯರು ನಿಂತ ಸಾಲಿನ ಮೇಲಿತ್ತು. ಒದೆತದ ಸದ್ದನ್ನು ಕಿವಿಗೆ ಬಿಟ್ಟಿದ್ದಳು.

ಮಗಳ ತಂಡ ಆ ಒಂದೇ ಗೋಲಿನಲ್ಲಿ ಸೋತಿತು. ಕೋಚ್ ಉರಿದುಕೊಂಡು ಬಂದ. ಅವನ ಹಿಂದೆ ಬೆವರಿದ ಹುಡುಗಿಯರು, ಅವರ ನಡುವೆ ಮಗಳು.

"ನಮ್ಮ ಡಿಫೆನ್ಸಿನ ಮೂವರೂ ಸಾಲಾಗಿ ಮುಂದೆ ಬಂದಿದ್ರು ಮೇಡಂ. ಗೋಲ್ ಹೊಡೆದವಳೊಬ್ಬಳೇ ಗೋಲ್ ಹತ್ರ ಇದ್ದಿದ್ದು. ನಿಮ್ಗೆ ಕಾಣಿಸ್ಲೇ ಇಲ್ವಾ?"

"ಬಂದಿದ್ದು ಇಬ್ಬರು," ಎಂದಳು ಟೈಲರಮ್ಮ. "ಆಚೆ ಅಂಚಲ್ಲಿ ಒಬ್ಳು ಹಿಂದೇನೇ ಉಳಿದಿದ್ಲು. ಒದ್ದಾಗ ಗೋಲ್ ಹೊಡೆದ ಹುಡುಗಿ ಅವಳನ್ನ ದಾಟಿರ್ಲಿಲ್ಲ."

"ಯಾರು ಉಳಿದಿದ್ದು?"

ಸಾಲು ಬಿಟ್ಟು ಹಿಂದೆ ನಿಂತವಳಿಗೆ ಮುಂದಿನ ಟೂರ್ನಿಯ ತಂಡದಲ್ಲಿ ಜಾಗವಿಲ್ಲ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಅದನ್ನು ಟೈಲರಮ್ಮನೂ ಕೇಳಿದ್ದಳು. ಮಾತು ಮಾತ್ರ ತಡವರಿಸಲಿಲ್ಲ.

"ನನ್ನ ಮಗಳು. ಕಾಲ್ಚೀಲ ಎಳ್ಕೋತಾ ನಿಂತಿದ್ಲು."

ಕೋಚ್ ತಿರುಗಿ ನೋಡಿದ. ಮಗಳು ಹುಲ್ಲು ನೋಡುತ್ತಿದ್ದಳು. ಅವನಿಗೆ ಮತ್ತೇನೂ ಕೇಳಬೇಕಾಗಲಿಲ್ಲ.

ದಾರಿಯುದ್ದಕ್ಕೂ ಮಗಳು ಮುಖ ಊದಿಸಿಕೊಂಡೇ ನಡೆದಳು. ಮನೆಗೆ ಬಂದವಳೇ ಬೂಟು ಕೂಡ ಬಿಚ್ಚದೆ ಗುಂಡಿಯ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ಕೋಟಿನ ಗುಂಡಿ ಇಟ್ಟಳು. ಎರಡು ಬಿಳಿ ಗುಂಡಿ, ಅವನ್ನು ದಾಟಿದ ಹಾಗೆ ಒಂದು ಕರಿ ಗುಂಡಿ. ಕೊನೆಗೆ ತನ್ನ ಬಿಳಿ ಗುಂಡಿಯನ್ನು ಆಚೆ ಅಂಚಿನಲ್ಲಿ, ಕರಿಯದಕ್ಕಿಂತ ಕೂದಲೆಳೆಯಷ್ಟು ಈಚೆಗೆ, ಗೋಲಿನಿಂದ ದೂರಕ್ಕೆ ಇಟ್ಟು, "ನಾನು ಇಲ್ಲಿದ್ದೆ. ಆಫ್‌ಸೈಡೇ ಅದು," ಎಂದಳು.

ಟೈಲರಮ್ಮ ಕೊರಳಿಗೆ ಟೇಪು ಹಾಕಿಕೊಂಡು ಆಗಲೇ ಕೆಲಸಕ್ಕೆ ಕೂತಿದ್ದಳು. ಕೈ ಚಾಚಿ ಆ ಗುಂಡಿಯನ್ನು ಕರಿಯದನ್ನು ದಾಟಿಸಿ, ಗೋಲಿನ ಕಡೆಗೆ ಎರಡು ಬೆರಳಿನಷ್ಟು ಎಳೆದಳು.

"ಇಲ್ಲಿ."

ಮಗಳು ಗುಂಡಿಯ ಮೇಲೆ ಬೆರಳಿಟ್ಟಳು. ಆದರೆ ಅದನ್ನು ಮತ್ತೆ ಈಚೆಗೆ ತಳ್ಳಲಿಲ್ಲ.