ಮಾಲೀಕರ ಅನುಮತಿ

“ಫೋನ್ ನಂಬರ್ ಹೇಳಿ ಅನಿತಕ್ಕ,” ಎಂದಳು ಸಂಘದ ಕಾರ್ಯದರ್ಶಿ ನಿಸರ್ಗ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಅನಿತಾ ಒಂದೇ ಉಸಿರಿಗೆ ಹೇಳಿದಳು. ಬ್ಯಾಂಕಿನಲ್ಲಿ, ಗ್ಯಾಸ್ ಅಂಗಡಿಯಲ್ಲಿ, ಹೆರಿಗೆಗೆ ಹೋದಾಗ ಆಸ್ಪತ್ರೆಯಲ್ಲಿ ಹೇಳಿದ್ದೂ ಅದೇ ನಂಬರು. ನಿಸರ್ಗಳ ಬೆರಳು ನಿಂತಿತು. “ಇದು ದಯಣ್ಣಂದು. ಓಟಿಪಿ ಅವರಿಗೆ ಹೋಗ್ತದೆ. ಆಮೇಲೆ ಕೀಲಿ ಅವರ ಕೈಯಾಗೇ.”

ಊರಿನ ಮಹಿಳಾ ಸಂಘಕ್ಕೆ ಅಧ್ಯಕ್ಷೆ ಅನಿತಾ. ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದವನು ಗಂಡ ದಯಾನಂದ್. ಸಂಘಕ್ಕೆ ಮಂಜೂರಾದ ಎಣ್ಣೆ ಗಾಣವನ್ನು ಶೆಟ್ಟಿಕೆರೆ ರಸ್ತೆಯ ಹಳೇ ಗೋದಾಮಿನಲ್ಲಿ ಹಾಕಬೇಕೆಂದು ಹೆಂಗಸರೆಲ್ಲ ಸೇರಿ ತೀರ್ಮಾನಿಸಿದ್ದರು. ಮರುದಿನ ನೋಡಿದರೆ ಕಂಪ್ಯೂಟರಿನಲ್ಲಿದ್ದ ನಡಾವಳಿಯಲ್ಲಿ ಗೋದಾಮು ಹೋಗಿ ‘ದಯಾನಂದ್ ಅವರ ಶೆಡ್’ ಬಂದಿತ್ತು. ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿದ್ದ ಕಂಪ್ಯೂಟರು. ತಿದ್ದಿದವರು ಯಾರೆಂದು ಅನಿತಾಗೆ ಗೊತ್ತಿತ್ತು, ಹೇಳಿರಲಿಲ್ಲ. ಈಗ ಮತ್ತೆ ಸರಿಪಡಿಸಿದ ನಡಾವಳಿ, ನಾಳೆ ಅಧಿಕಾರಿ ಬಂದು ನೋಡುವವರೆಗೆ ಹಾಗೇ ಉಳಿಯಬೇಕಿತ್ತು. ಅದಕ್ಕೇ ಅದನ್ನು ಆ ಕಂಪ್ಯೂಟರಿನಿಂದ ತೆಗೆದು, ಅಧ್ಯಕ್ಷೆಯ ಫೋನ್ ನಂಬರಿನ ಖಾತೆಯಲ್ಲಿ ಇಂಟರ್‌ನೆಟ್ಟಿನ ಕ್ಲೌಡ್‌ಗೆ ಏರಿಸುತ್ತಿದ್ದರು.

“ಅದನ್ನ ಅಳಿಸು,” ಎಂದಳು ಅನಿತಾ. “ನಂದು ಹಾಕು.”

ತನ್ನ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ನಿಸರ್ಗಳ ಫೋನಿಗೆ ಮಿಸ್ ಕಾಲ್ ಕೊಟ್ಟು, ಅಲ್ಲಿ ಮೂಡಿದ್ದನ್ನು ಓದಿ ಹೇಳಿದಳು. ಓಟಿಪಿ ಅವಳ ಅಂಗೈಗೇ ಬಂತು.

“ಸದಸ್ಯರಿಗೆಲ್ಲ ನೋಡಕ್ಕೆ ಮಾತ್ರ. ತಿದ್ದಾದು ನೀವು, ನಾನು. ಸದಸ್ಯರಲ್ದೋರಿಗೆ ತೆರೆಯೋದೇ ಇಲ್ಲ. ಸರೀನಾ?”

“ಸರಿ ಕಣೇ. ಅಟ್ಟದ ಮೇಲಿನ ಕೊಬ್ಬರೀನ ಕೆಳಗಿಂದ ಮನೆಯೋರೆಲ್ಲ ನೋಡ್ಲಿ. ಏಣಿ ನಮ್ಮತ್ರ ಇರ್ಲಿ.”

ಲಿಂಕನ್ನು ನಿಸರ್ಗ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಲ್ಲಿ ಅನಿತಾಳ ಹೆಸರಿನಲ್ಲಿ ಇದ್ದದ್ದು ದಯಾನಂದನ ನಂಬರೇ. ಸ್ವಲ್ಪ ಹೊತ್ತಿಗೆ ಅವನ ಬೈಕು ಸಂಘದ ಕೋಣೆಯ ಬಾಗಿಲಲ್ಲಿ ನಿಂತಿತು.

“ಇದೇನಮ್ಮ ನಿಸರ್ಗ, ಒತ್ತಿದ್ರೆ ಮಾಲೀಕರ ಅನುಮತಿ ಕೇಳಿ ಅಂತೈತೆ? ಅಧ್ಯಕ್ಷ ನಾನಿದೀನಿ ಕಣಮ್ಮ!”

“ಫೋನಿಗೆ ಅದೆಲ್ಲ ಗೊತ್ತಾಗಲ್ವಲ್ಲ ದಯಣ್ಣ. ಕೆಳಗೆ ಜಾಗ ಐತೆ, ಯಾಕೆ ಬೇಕು ಅಂತ ಬರೀರಿ. ಅಧ್ಯಕ್ಷರಿಗೇ ಹೋಗ್ತದೆ.”

“ಬುಡು, ನಂಗೆ ನಾನೇ ಅರ್ಜಿ ಹಾಕ್ಕಬೇಕಾ!” ಅವನು ನಕ್ಕ. ತಾಲ್ಲೂಕು ಕಚೇರಿಗೆ ಬರೆದು ಬರೆದು ಪಳಗಿದ ಕೈ. ಬೈಕಿನ ಮೇಲೆ ಕೂತೇ ಒಂದು ಬೆರಳಲ್ಲಿ ಕುಟ್ಟಿದ. ‘ಮಾನ್ಯ ಅಧ್ಯಕ್ಷರೇ, ನಡಾವಳಿ ತಿದ್ದಲು ದಯವಿಟ್ಟು ಅನುಮತಿ ನೀಡಬೇಕಾಗಿ ವಿನಂತಿ.’ ಕಳಿಸಿ, ತನ್ನ ಫೋನು ಸದ್ದು ಮಾಡಲೆಂದು ಕಾದ.

ಸದ್ದಾದದ್ದು ಅನಿತಾಳ ಕೈಯಲ್ಲಿ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ನಿಸರ್ಗ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದಯಾನಂದ್ ಹೆಂಡತಿಯ ಫೋನನ್ನೂ ತನ್ನದನ್ನೂ ನೋಡಿ ಬೈಕಿನಿಂದ ಇಳಿದ. “ಲೇ ಅನಿತಾ, ಅದು ನಿಂಗ್ಯಾಕೆ ಬಂತು?”

ಅನಿತಾ ತಾನೇ ಬೆರಳಿಟ್ಟು ‘ನಿರಾಕರಿಸಿ’ ಒತ್ತಿದಳು.

“ಅರ್ಜಿ ಚೆನ್ನಾಗಿ ಬರ್ದಿದೀರಿ ಕಣ್ರೀ,” ಎಂದಳು. “ಇಟ್ಕತೀನಿ. ಅನುಮತಿ ಇಲ್ಲ.”