ದೊಡ್ಡ ಸಾಹೇಬರ ಕೋಟು

“ಈ ಕೋಟಲ್ಲೇ ಊರಿನ ಬೆಂಕಿಯೆಲ್ಲ ಆರಿಸಿದೀವಿ. ಹೊಸದು ಯಾಕ್ರೀ?” ಎನ್ನುತ್ತ ಅಗ್ನಿಶಾಮಕ ದಳದ ದೊಡ್ಡ ಸಾಹೇಬರು ತಮ್ಮ ಹಳೆಯ ದಪ್ಪ ಕೋಟನ್ನು ಸಭೆಯಲ್ಲೇ ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿ, ಎದೆಯುಬ್ಬಿಸಿ ನಿಂತರು. ದಳಕ್ಕೆಲ್ಲ ಹೊಸ ಕೋಟು ಬೇಕೆಂದು ಬೆಳಗಿನಿಂದ ಗಂಟಲು ಹರಿದುಕೊಂಡಿದ್ದ ಠಾಣಾಧಿಕಾರಿಣಿಗೆ ಮೈಯೆಲ್ಲ ಉರಿಯಿತು.

“ಆಯ್ತು ಸರ್. ಹೊಸದು ಬೇಡ ಅನ್ನೋರು ಕೈ ಎತ್ತಿ,” ಎಂದಳು.

ಸಾಹೇಬರ ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಎಳೆದರೂ ಕೋಟಿನ ಸೆಟೆದ ತೋಳು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಯಾರೋ ಕಿಸಕ್ಕನೆ ನಕ್ಕರು.

“ಏಣಿ ಹತ್ತುವಾಗಲೂ ಹೀಗೇ ಸರ್,” ಎಂದಳು ಅವಳು ಮೆಲ್ಲಗೆ.

ಸಾಹೇಬರು ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಂದೊಂದೇ ಗುಂಡಿ ಬಿಚ್ಚಿ, ಕೋಟನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದರು. “ಈಗ ಕೇಳಮ್ಮ, ಹೊಸದು ಬೇಕು ಅನ್ನೋರು ಯಾರು ಅಂತ.”

ಅವಳು ಕೇಳಿ ಮುಗಿಸುವ ಮೊದಲೇ, ಎಲ್ಲರ ಕೈಗಿಂತ ಎತ್ತರದಲ್ಲಿ ಸಾಹೇಬರ ಕೈ ನಿಂತಿತ್ತು.