ಹೊಸತೊಡಕಿನ ಗಣಿತ

ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದ ಸೈಕ್ಲೋಸ್ಟೈಲ್ ಹಾಳೆಯನ್ನು ಗಿರಿಜಾದೇವಿ ಮೂರನೆಯ ಸಲ ಓದಿದರು. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ, ಗಣಿತ, ಏಪ್ರಿಲ್ ಮೂರು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಎಷ್ಟು ಸಲ ಓದಿದರೂ ಏಪ್ರಿಲ್ ಮೂರು ನಾಲ್ಕಾಗಲಿಲ್ಲ. ಎಂಬತ್ತನಾಲ್ಕರ ಯುಗಾದಿ ಸೋಮವಾರ ಬಿದ್ದಿತ್ತು. ಹಬ್ಬಕ್ಕೆ ರಜೆ ಕೊಟ್ಟಾಯಿತಲ್ಲ ಎಂದು ಸಾಹೇಬರು ಮಾರನೆಯ ದಿನಕ್ಕೇ ಗಣಿತ ಇಟ್ಟುಬಿಟ್ಟಿದ್ದರು. ಆ ಮಾರನೆಯ ದಿನವೇ ಬಾಡೂಟದ ಹೊಸತೊಡಕು, ಪುಟ್ಟೇನಹಳ್ಳಿಗೆ ಅದು ಯುಗಾದಿಗಿಂತ ದೊಡ್ಡ ಹಬ್ಬ ಎಂಬುದು ಬೇಳೆ ಸಾರಿನಲ್ಲೇ ಬೆಳೆದ ಸಾಹೇಬ ಪರಮಶಿವಯ್ಯನವರಿಗೆ ತಿಳಿಯುವುದಾದರೂ ಹೇಗೆ?

ಗಿರಿಜಾದೇವಿಯವರೂ ಬೇಳೆ ಸಾರಿನವರೇ. ಆದರೆ ಆರು ವರ್ಷದಿಂದ ಆ ಊರಿನ ಸರ್ಕಾರಿ ಶಾಲೆಯ ಹೆಡ್‌ಮಿಸ್. ಆರು ವರ್ಷದ ಹಾಜರಿ ಪುಸ್ತಕದಲ್ಲಿ ಹೊಸತೊಡಕಿನ ದಿನ ಒಂದು ಮಗುವಿನ ಹಾಜರಿಯೂ ಬಿದ್ದಿರಲಿಲ್ಲ. ಆವತ್ತು ಬೆಳ್ಳಂಬೆಳಗ್ಗೆ ಶಾಲೆಯ ಎದುರಿನ ಹೊಂಗೆ ಮರದಡಿ, ನಲವತ್ತು ಮನೆಯವರು ಸೇರಿ ತಂದ ಕುರಿಗಳನ್ನು ಕೊಯ್ದು, ಬಾಳೆಲೆಯ ಮೇಲೆ ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಿದ್ದರು. ಪಾತ್ರೆ ಹಿಡಿದು ಸಾಲು ನಿಲ್ಲುವ ಕೆಲಸ ಮಕ್ಕಳದು. ಮರದಿಂದ ಶಾಲೆಯ ಗೇಟಿಗೆ ಇಪ್ಪತ್ತು ಹೆಜ್ಜೆ, ಆದರೂ ಊರಿನ ದೊಡ್ಡವರು ಯಾರೂ ಗೇಟು ದಾಟಿದವರಲ್ಲ. ಆಗಸ್ಟಿನಲ್ಲಿ ಪೋಷಕರ ಸಭೆಗೆಂದು ಮನೆಮನೆಗೆ ಚೀಟಿ ಕಳಿಸಿದ್ದಕ್ಕೆ ಬಂದದ್ದು ಊರ ಗೌಡ ಚಿಕ್ಕಬೈರಪ್ಪನವರ ಹಸು ಒಂದೇ.

ಜಯನಗರದ ಕಚೇರಿಗೆ ಹೋಗಿ ಕೇಳಿಕೊಂಡದ್ದೂ ಆಯಿತು. ಪರಮಶಿವಯ್ಯ ಒಳ್ಳೆಯವರು, ಕಾಫಿ ತರಿಸಿದರು. ಆದರೆ ಪತ್ರಿಕೆ ಅಚ್ಚಾಗಿ ಸೀಲಾಗಿದೆ, ಎಲ್ಲ ಶಾಲೆಗೂ ಒಂದೇ ಪತ್ರಿಕೆ, ನಿಮ್ಮೂರಿಗೆ ಬೇರೆ ದಿನ ಕೊಟ್ಟರೆ ಹುಡುಗರು ಪಕ್ಕದೂರಿನಲ್ಲಿ ಪ್ರಶ್ನೆ ಕೇಳಿಕೊಂಡೇ ಬರುತ್ತಾರೆ ಎಂದರು. ಅದೂ ಸರಿಯೇ. ಬರದವರು ನಪಾಸು, ಇನ್ನೊಂದು ವರ್ಷ ಅದೇ ಬೆಂಚು. ಇಪ್ಪತ್ತೊಂಬತ್ತು ಮಕ್ಕಳು, ಅದರಲ್ಲಿ ಹನ್ನೊಂದು ಹುಡುಗಿಯರು. ಹುಡುಗಿ ಒಮ್ಮೆ ನಪಾಸಾದರೆ ಮತ್ತೆ ಬೆಂಚಿಗೆ ಕಳಿಸುವವರಿಲ್ಲ, ಮನೆಗೆಲಸಕ್ಕೆ ಹಚ್ಚಿ ಗಂಡು ಹುಡುಕುತ್ತಾರೆ. ವಾಪಸು ಬಸ್ಸಿನಲ್ಲಿ ಗಿರಿಜಾದೇವಿ ಆ ಹನ್ನೊಂದು ಹೆಸರುಗಳನ್ನು ಬೆರಳು ಮಡಿಸಿ ಎಣಿಸುತ್ತ ಬಂದರು.

ಬಸ್ಸಿಳಿದವರು ನೆಟ್ಟಗೆ ಚಿಕ್ಕಬೈರಪ್ಪನವರ ಜಗಲಿಗೆ ಹೋಗಿ ಕೂತರು. ಗುಡ್ಡೆ ಹಾಕಿಸುವ ಯಜಮಾನಿಕೆ ಅವರದು. ವಿಷಯ ಕೇಳಿ ಅವರು ತಲೆ ಕೆರೆದುಕೊಂಡರು. ಒಳಗಿನಿಂದ ಉತ್ತರ ಬಂದದ್ದು ಅವರ ತಾಯಿ ಮಂಗಮ್ಮನದು.

"ಮೇಡಮ್ನೋರೆ, ಹೊಸತೊಡಕಿನ ದಿನ ಏನ್ ಮಾಡ್ತೀವೋ ವರ್ಸೆಲ್ಲ ಅದೇ ಆಗೋದು. ಅದ್ಕೇ ಅವತ್ತು ಮಕ್ಕಳನ್ನ ಬೈಯಲ್ಲ, ಹೊಡೆಯಲ್ಲ. ಪರೀಕ್ಷೆಗೆ ಕೂರ್ಸಿದ್ರೆ ವರ್ಸೆಲ್ಲ ಪರೀಕ್ಷೆನೇ ಬರೀತಾ ಕೂತಿರ್ತವೆ."

"ಬರೀದಿದ್ರೂ ಅದೇ ಅಲ್ವಾ ಅಜ್ಜಿ? ಫೇಲಾಗಿ ವರ್ಷವೆಲ್ಲ ಏಳನೇ ಕ್ಲಾಸಲ್ಲೇ ಕೂತಿರ್ತವೆ."

ಎಲೆಅಡಿಕೆ ಅಗಿಯುತ್ತಿದ್ದ ಮಂಗಮ್ಮ ಬಾಯಿ ನಿಲ್ಲಿಸಿ ಹೊಸಿಲಿಗೆ ಬಂದರು. ಇಪ್ಪತ್ತೊಂಬತ್ತರಲ್ಲಿ ಅವರ ಮೊಮ್ಮಗಳೂ ಒಬ್ಬಳು. ಆದರೆ ಮಗನ ಚಿಂತೆ ಬೇರೆ. ಸಾರಿನ ವಾಸನೆ ಹೊಡೆದರೆ ಮಕ್ಕಳು ಪೇಪರ್ ಎಸೆದು ಕಾಂಪೌಂಡ್ ಹಾರುತ್ತವೆ, ತಡೆಯುವವರು ಯಾರು ಎಂದರು.

"ಪರೀಕ್ಷೆ ನನ್ನ ಕೈಲಿಲ್ಲ ಗೌಡ್ರೇ, ಗುಡ್ಡೆ ನಿಮ್ಮ ಕೈಲಿದೆ. ಒಂದು ಗಂಟೆಗೆ ಬೆಲ್ ಹೊಡೆಸ್ತೀನಿ. ಆಮೇಲೆ ಹಂಚಿ."

ಚಿಕ್ಕಬೈರಪ್ಪ ಕೂತಲ್ಲೇ ಮಿಸುಕಾಡಿದರು. ತಾತನ ಕಾಲದಿಂದಲೂ ಬಿಸಿಲೇರುವ ಮೊದಲೇ ಹಂಚಿ ಮುಗಿಸುವುದು ಪದ್ಧತಿ. ಹಬ್ಬಕ್ಕೆ ಬಂದ ಅಳಿಯಂದಿರು ಹಸಿದು ಕೂರುತ್ತಾರೆ, ನಲವತ್ತು ಮನೆಗೆ ಏನಂತ ಹೇಳುವುದು ಎಂದು ಗೊಣಗಿದರು.

"ತಡ ಆದ್ರೆ ಆಗ್ಲಿ ಬಿಡ್ಲಾ," ಎಂದರು ಮಂಗಮ್ಮ. "ಕುರಿಗೇನು ಅವಸರ?"

ಮಂಗಳವಾರ ಹೊರಗಿನ ಶಾಲೆಯಿಂದ ಮೇಲ್ವಿಚಾರಣೆಗೆ ಬಂದ ವೆಂಕಟಾಚಲ ಮೇಷ್ಟ್ರು, ಖಾಲಿ ಕೋಣೆ ಕಾಯುವುದು ತಾನೇ ಎಂದು ಓದಲು ವಾರಪತ್ರಿಕೆ ಹಿಡಿದು ಬಂದಿದ್ದರು. ಇಪ್ಪತ್ತೊಂಬತ್ತು ತಲೆ ಎಣಿಸಿ, ವಾರಪತ್ರಿಕೆಯನ್ನು ತೆಪ್ಪಗೆ ಚೀಲಕ್ಕೆ ಹಾಕಿದರು. ಹೊರಗೆ ಕುರಿ ಅರಚಿದಾಗಲೆಲ್ಲ ಅಷ್ಟೂ ತಲೆಗಳು ಮೇಲೆದ್ದು, ಮತ್ತೆ ಭಿನ್ನರಾಶಿಗೆ ಬಗ್ಗುತ್ತಿದ್ದವು. ಹನ್ನೆರಡರ ಹೊತ್ತಿಗೆ ಅರಚುವುದು ನಿಂತಿತು. ಆಗ ಎದ್ದ ತಲೆಗಳನ್ನು ಬಗ್ಗಿಸಲು ಮೇಷ್ಟ್ರು ಎರಡು ಸಲ ಕೆಮ್ಮಬೇಕಾಯಿತು. ಆದರೆ ಒಂದು ಮಗುವೂ ಬೆಂಚು ಬಿಟ್ಟೇಳಲಿಲ್ಲ. ಗುಡ್ಡೆ ಬೆಲ್ಲಿಗೆ ಕಾದಿದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ಒಂದು ಗಂಟೆಗೆ ಬೆಲ್ ಹೊಡೆಸಿ ಗಿರಿಜಾದೇವಿ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಏಪ್ರಿಲ್ ಬಿಸಿಲಿಗೆ ಹೊಂಗೆ ನೆರಳು ಸಾಲದೆ ಊರಿಗೆ ಊರೇ ಗೇಟು ದಾಟಿ ಬಂದಿತ್ತು. ವರಾಂಡದ ತುಂಬ ಹೆಂಗಸರು, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಪಾತ್ರೆ. ಗೋಡೆಗೆ ಒರಗಿ ಗಂಡಸರು, ಜೊತೆಗೆ ಹಸಿದ ಅಳಿಯಂದಿರು. ಮಕ್ಕಳಿಗೆ ತೊಂದರೆಯಾದೀತೆಂದು ಒಬ್ಬರೂ ಪಿಟ್ಟೆಂದಿರಲಿಲ್ಲ. ಗಿರಿಜಾದೇವಿಗೆ ನಗು ಬಂತು.

ಮಂಗಮ್ಮ ಎದ್ದು ಬಂದು, ಎಲ್ಲವೂ ಬರೆದವಾ ಎಂದು ಕೇಳಿದರು. ಇಪ್ಪತ್ತೊಂಬತ್ತೂ ಬರೆದವು ಎಂದರು ಗಿರಿಜಾದೇವಿ.

"ಅಜ್ಜಿ, ಇವತ್ತು ಏನ್ ಮಾಡ್ತೀವೋ ವರ್ಷವೆಲ್ಲ ಅದೇ ಅಂದ್ರಲ್ಲ, ಖಂಡಿತ ತಾನೇ?"

"ನಮ್ಮತ್ತೆ ಕಾಲದಿಂದ ನೋಡಿವ್ನಿ. ಒಂದು ಸಲನೂ ತಪ್ಪಿಲ್ಲ."

"ಹಾಗಾದ್ರೆ ಸರಿ. ಜೂನ್ ತಿಂಗಳಲ್ಲಿ ಪೋಷಕರ ಸಭೆ ಇದೆ. ಈ ಸಲ ನಾನು ಚೀಟಿ ಕಳಿಸೋದಿಲ್ಲ."

ಮಂಗಮ್ಮ ಪಾತ್ರೆ ಹಿಡಿದುಕೊಂಡೇ ಹಿಂತಿರುಗಿ ನೋಡಿದರು. ನಲವತ್ತು ಮನೆಯವರೂ ಶಾಲೆಯ ಗೇಟಿನೊಳಗಿದ್ದರು.